ಕೆಂಪು ಕಚೇರಿ, ಬಿಳಿ ಮಾಳಿಗೈ

ಬೆಂಗಳೂರಿನ ರೈಲಿನಿಂದ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದು ಹೊರಗೆ ಬಂದರೆ ಹತ್ತಿರದಲ್ಲೇ ಬೆಳ್ಳಗೆ ಹೊಳೆಯೋ ರಿಪ್ಪನ್ ಬಿಲ್ಡಿಂಗ್ ಕಾಣುತ್ತದೆ. ಅದೇ ಇಲ್ಲಿನ ಕಾರ್ಪೊರೇಷನ್ ಕಚೇರಿ. ಊರವರು ರಿಪ್ಪನ್ ಮಾಳಿಗೈ ಅಂತಾರೆ. ನಮಗೆ ಮಾಳಿಗೆ ಅಂದರೆ ಮನೆಯ ಮೇಲ್ಭಾಗ, ಇವರಿಗೆ ಅರಮನೆ. ಕಚೇರಿ ಅಂದರೂ ಅಷ್ಟೇ, ಇಲ್ಲಿ ಮೊದಲು ನೆನಪಾಗೋದು ಸಂಗೀತ!

ಅದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಬೆಂಗಳೂರಿನ ಅಠಾರಾ ಕಚೇರಿ ನೆನಪಾಗುತ್ತದೆ. ಅದು 1868ರದ್ದು, ಕೆಂಪು. ಇದು 1913ರದ್ದು, ಬಿಳಿ. ಅದನ್ನು ಕಟ್ಟಿದ್ದು ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್, ಇದನ್ನು ಲೋಗನಾಥ ಮುದಲಿಯಾರ್. ಅಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಇದ್ದವು, ಅಠಾರಾ ಅಂದರೆ ಹದಿನೆಂಟು, ಅದಕ್ಕೇ ಆ ಹೆಸರು. 1956ರಲ್ಲಿ ಎದುರಿಗೇ ವಿಧಾನಸೌಧ ಸಿದ್ಧವಾದ ಮೇಲೆ ಕಚೇರಿಗಳು ರಸ್ತೆ ದಾಟಿ ಹೋದವು, ಹಳೇ ಕಟ್ಟಡದಲ್ಲಿ ಹೈಕೋರ್ಟ್ ಉಳಿಯಿತು, ಹಳೇ ಹೆಸರೂ ಉಳಿಯಿತು.

ನನಗೆ ಬೇಜಾರಾಗೋದು ಒಂದೇ ವಿಷಯಕ್ಕೆ. ಚೆನ್ನೈಯಲ್ಲಿ ಜಾಗ ಸಾಲದಾದಾಗ ರಿಪ್ಪನ್ ಬಿಲ್ಡಿಂಗಿನ ಹಿಂದೆ ಅಮ್ಮಾ ಮಾಳಿಗೈ ಅಂತ ಹೊಸ ಕಟ್ಟಡ ಕಟ್ಟಿ, ಹಳೆಯದನ್ನು ದುರಸ್ತಿ ಮಾಡಿ ಅದರಲ್ಲೇ ಕೆಲಸ ಮುಂದುವರಿಸಿದರು. ನಾವು? 1980ರ ದಶಕದ ಆರಂಭದಲ್ಲಿ ಅಠಾರಾ ಕಚೇರಿಯನ್ನೇ ಕೆಡವಲು ಹೊರಟಿದ್ದೆವು. ಊರಿನ ಜನ ಎದ್ದುನಿಂತು, ಕೋರ್ಟಿಗೂ ಹೋಗಿ ಹೋರಾಡಿದ್ದಕ್ಕೆ ಅದು ಇವತ್ತು ಕಬ್ಬನ್ ಪಾರ್ಕಿನ ಮರಗಳ ನಡುವೆ ನಿಂತಿದೆ. ಅವರಿಗೆ ನಾವು ಎಷ್ಟು ಋಣಿಯಾಗಿದ್ದರೂ ಸಾಲದು. ಆದರೆ ಕಟ್ಟಡ ಉಳಿಸೋಕೆ ಪ್ರತಿ ಸಲ ಜನ ಬೀದಿಗೆ ಇಳಿಯಬೇಕಾ?

ಚೆನ್ನೈಯವರು ಎಲ್ಲವನ್ನೂ ಉಳಿಸಿಕೊಂಡರು ಅಂತಲ್ಲ. ಪಕ್ಕದ ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟುಹೋಯಿತು, ಆ ಜಾಗದಲ್ಲಿ ಈಗ ರೈಲ್ವೆ ಕಟ್ಟಡ ಇದೆ. ಆದರೂ ಕಾರ್ಪೊರೇಷನ್ ವಿಷಯದಲ್ಲಿ ಇವರಿಗೆ ಅಭಿಮಾನ ಜಾಸ್ತಿ. 1688ರಲ್ಲೇ ಶುರುವಾದದ್ದು, ದೇಶದಲ್ಲೇ ಹಳೆಯದು. ಊರಿನ ಆಡಳಿತ ಊರವರ ಕೈಗೆ ಹೋಗಲಿ ಅಂತ 1882ರಲ್ಲಿ ನಿರ್ಣಯ ತಂದ ವೈಸ್‌ರಾಯ್ ರಿಪ್ಪನ್, ಅವರ ಹೆಸರನ್ನೇ ಕಟ್ಟಡಕ್ಕೆ ಇಟ್ಟಿದ್ದಾರೆ. ಸರಿಯಾದ ಹೆಸರು ಅಲ್ವಾ?

ಊರಿಗೆ ಹೊರಡೋ ದಿನ ರೈಲಿಗೆ ಟೈಮಿದ್ದರೆ ನಾನು ಅದರ ಎದುರು ಸುಮ್ನೆ ನಿಲ್ಲುತ್ತೇನೆ. ಗೋಪುರದ ಗಡಿಯಾರ ಕಟ್ಟಡದಷ್ಟೇ ಹಳೆಯದು, ಕೀ ಕೊಟ್ಟು ನಡೆಸೋದು, ಕಾಲು ಗಂಟೆಗೊಮ್ಮೆ ಬಾರಿಸುತ್ತದೆ. ಬಸ್ಸುಗಳ ಹಾರ್ನ್ ನಡುವೆ ಕಿವಿಗೊಟ್ಟರೆ ಕೇಳಿಸುತ್ತದೆ. ಅದು ಬಾರಿಸಿದ ಮೇಲೆ ಬ್ಯಾಗ್ ಎತ್ತಿಕೊಂಡು ಸ್ಟೇಷನ್ ಕಡೆ ನಡೆಯುತ್ತೇನೆ.