ಸೆಲ್ಫ್ ತಗೊಳ್ತಿಲ್ಲ

ಟಕ್. ಅಷ್ಟೇ ಬಂದಿದ್ದು ಸೌಂಡು. ತೀರ್ಥಹಳ್ಳಿ ಹತ್ರ ನಾದಿನಿ ಮನೆ ಗೃಹಪ್ರವೇಶ, ನಾನು ರೇಷ್ಮೆ ಸೀರೆ ಉಟ್ಟು ತೊಡೆ ಮೇಲೆ ಹೋಳಿಗೆ ಡಬ್ಬಿ ಇಟ್ಕೊಂಡು ಕೂತಾಗಿದೆ, ಹಿಂದೆ ಅತ್ತೆ ಆಗ್ಲೇ ಕಿಟಕಿ ಇಳಿಸಿಕೊಂಡು ರೆಡಿ, ನಮ್ಮನೆಯವರು ಕೀ ತಿರುಗಿಸಿದ್ರು, ಟಕ್. ಇನ್ನೊಂದ್ಸಲ, ಟಕ್. ಮೂರನೇ ಸಲ ಜೋರಾಗಿ ತಿರುಗಿಸಿದ್ರು, ಕಾರಿಗೆ ಕಿವಿ ಮಂದ ಅನ್ನೋ ಥರ.

ಶಿವಮೊಗ್ಗದ ನಮ್ಮ ರಸ್ತೇಲಿ ಬಾನೆಟ್ ಎತ್ತೋದು ಅಂದ್ರೆ ಎಲ್ರಿಗೂ ಕರೆಯೋಲೆ ಕೊಟ್ಟ ಹಾಗೆ. ಹಾಲಿನೋನು ಗಾಡಿ ನಿಲ್ಲಿಸಿ ಪೆಟ್ರೋಲ್ ಓವರ್ ಆಗಿರುತ್ತೆ ಅಂದ. ಎದುರುಮನೆ ರಿಟೈರ್ಡ್ ಮೇಷ್ಟ್ರು "ಚೋಕ್ ಎಳೀರಿ" ಅಂದ್ರು. ಚೋಕಂತೆ! ಕಾರ್ಬುರೇಟರ್ ಕಾಲ ಮುಗಿದು ಎಷ್ಟು ವರ್ಷ ಆಯ್ತು, ಈಗ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಡಿಸೈಡ್ ಮಾಡೋದು ಒಳಗಿರೋ ಕಂಪ್ಯೂಟರು, ಎಳೆಯೋಕೆ ಅಲ್ಲಿ ಏನೂ ಇಲ್ಲ. ಅತ್ತೆ ಮಾತ್ರ ಒಳಗಿಂದಲೇ "ಮುಂದೆ ಕಟ್ಟಿರೋ ನಿಂಬೆಹಣ್ಣು ಒಣಗಿ ಎಷ್ಟು ದಿನ ಆಯ್ತು ನೋಡು" ಅಂದ್ರು.

ಕಾರು ಪಾಪ ಅಷ್ಟೊತ್ತಿಂದ ಹೇಳ್ತಾನೇ ಇತ್ತು. ನಮ್ಮಪ್ಪ ಜೀಪ್ ಓಡಿಸ್ತಿದ್ದೋರು, ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಮೊದಲು ಎಂಜಿನ್ ತಿರುಗ್ತಿದ್ಯೋ ಇಲ್ವೋ ಕೇಳು ಅಂತಿದ್ರು. ಕಿರ್ರ್ ಕಿರ್ರ್ ಅಂತ ಚೆನ್ನಾಗೇ ತಿರುಗಿ ಹತ್ಕೊಳ್ತಿಲ್ಲ ಅಂದ್ರೆ ಪೆಟ್ರೋಲ್ ಬರ್ತಿಲ್ಲ ಇಲ್ಲಾ ಸ್ಪಾರ್ಕ್ ಇಲ್ಲ, ಈಗಿನ ಎಷ್ಟೋ ಕಾರಲ್ಲಿ ಕೀ ಆನ್ ಮಾಡಿ ಹಿಂದಿನ ಸೀಟ್ ಕಡೆ ಕಿವಿ ಕೊಟ್ರೆ ಪಂಪು ಎರಡು ಸೆಕೆಂಡ್ ಗುಂಯ್ ಅನ್ನೋದು ಕೇಳುತ್ತೆ, ಅದೂ ಇಲ್ಲ ಅಂದ್ರೆ ಅಲ್ಲಿಂದ ಹುಡುಕಬೇಕು. ತಿರುಗೋದೇ ಇಲ್ಲ, ಬರೀ ಟಕ್ ಅಂದ್ರೆ ಬ್ಯಾಟರಿ, ಅದರ ವೈರು, ಇಲ್ಲಾಂದ್ರೆ ಎಂಜಿನ್ ತಿರುಗಿಸೋ ಸ್ಟಾರ್ಟರ್ ಮೋಟರು. ಹಂಗಿದ್ದಾಗ ಪೆಟ್ರೋಲ್ ಯೋಚನೆ ಯಾಕೆ?

ನಮ್ಮನೆಯವರ ವಾದ ಏನು ಅಂದ್ರೆ ಹಾರ್ನ್ ಹೊಡೆಯುತ್ತೆ, ಲೈಟ್ ಬರುತ್ತೆ, ಆದ್ರಿಂದ ಬ್ಯಾಟರಿ ಕಡೆ ಏನೂ ತೊಂದ್ರೆ ಇಲ್ಲ. ಎರಡು ಹೆಡ್‌ಲೈಟಿಗೆ ಹತ್ತು ಆಂಪಿಯರ್ ಆಸುಪಾಸು ಸಾಕು ರೀ, ಸ್ಟಾರ್ಟರಿಗೆ ನೂರರ ಮೇಲೆ ಬೇಕು. ಇಬ್ಬರಿಗೆ ಕಾಫಿ ಕಾಯ್ಸೋ ಒಲೆ ಇದೆ ಅಂತ ಮದುವೆ ಅಡುಗೆ ಒಪ್ಕೊಳ್ತಾರಾ?

ಈ ಸೆಲ್ಫ್ ಅನ್ನೋದನ್ನ ನೆನೆಸಿಕೊಂಡ್ರೆ ನಂಗೆ ನಗು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಕರೆಂಟಿನ ಸ್ಟಾರ್ಟರ್ ಬಂತು, ಚಾರ್ಲ್ಸ್ ಕೆಟರಿಂಗ್ ಅನ್ನೋರು ಮಾಡಿದ್ದು, ಅದಕ್ಕೆ ಮುಂಚೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸ್ಬೇಕು, ಅದು ವಾಪಸ್ ಒದ್ರೆ ಕೈ ಮುರೀತು ಅಂತಾನೇ ಲೆಕ್ಕ. ಸೆಲ್ಫ್ ಸ್ಟಾರ್ಟರ್ ಅನ್ನೋದ್ರಲ್ಲಿ ಸ್ಟಾರ್ಟರ್ ಬಿಟ್ಟು ನಾವು ಸೆಲ್ಫ್ ಮಾತ್ರ ಇಟ್ಕೊಂಡ್ವಿ. ಸೆಲ್ಫ್ ಹೊಡಿ, ಸೆಲ್ಫ್ ಹೋಗಿದೆ, ಸೆಲ್ಫ್ ತಗೊಳ್ತಿಲ್ಲ, ವೇದಾಂತ ಮಾತಾಡ್ದಂಗೆ.

ನಾನು ಇಳಿದೆ. "ಸೀರೆಗೆ ಗ್ರೀಸ್ ಆಗುತ್ತೆ, ನೀನು ಕೂತ್ಕೋ" ಅಂದ್ರು ನಮ್ಮನೆಯವರು. ಕೂರ್ಲಿಲ್ಲ. ಹೆಡ್‌ಲೈಟ್ ಹಾಕಿ ಕೀ ತಿರುಗ್ಸಿ ಅಂದು ಮುಂದೆ ನಿಂತು ನೋಡ್ದೆ. ಬ್ಯಾಟರಿ ಇಳಿದಿದ್ರೆ ಲೈಟು ಲಾಟೀನಿನ ಥರ ಮಂಕಾಗುತ್ತೆ, ಇದು ಟಕ್ ಅಂದ ತಕ್ಷಣ ಪೂರ್ತಿ ಹೋಯ್ತು, ಕೀ ಬಿಟ್ರೆ ಮತ್ತೆ ಬಂತು. ಅಂದ್ರೆ ಎಲ್ಲೋ ವೈರ್ ಸರಿಯಾಗಿ ಹಿಡ್ಕೊಂಡಿಲ್ಲ. ಬ್ಯಾಟರಿ ಪ್ಲಸ್ ಟರ್ಮಿನಲ್ ಮೇಲಿನ ಮುಚ್ಚಳ ತೆಗೆದ್ರೆ ಬಿಳಿ-ನೀಲಿ ಪುಡಿ, ಹಳೇ ಉಪ್ಪಿನಕಾಯಿ ಜಾಡಿ ಬಾಯಿ ಥರ. ಹತ್ತನೇ ನಂಬರ್ ಸ್ಪ್ಯಾನರಲ್ಲಿ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರು ಹಾಕಿದ್ರೆ ಬುಸ್ಸಂತ ನೊರೆ. ಚೆನ್ನಾಗಿ ಒರೆಸಿ, ಸ್ಯಾಂಡ್‌ಪೇಪರಲ್ಲಿ ಉಜ್ಜಿ, ಪ್ಲಸ್ ಮೊದಲು ಹಾಕಿ ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿದ್ದಾಯ್ತು. ಒಂದೇ ಸಲಕ್ಕೆ ಸ್ಟಾರ್ಟ್.

"ನಾನು ಹೇಳ್ಲಿಲ್ವಾ ಬ್ಯಾಟರಿ ಚೆನ್ನಾಗಿದೆ ಅಂತ" ಅಂದ್ರು ನಮ್ಮನೆಯವರು.

ಅಷ್ಟು ನಂಬಿಕೆ ಇದ್ದೋರು ಮಂಡಗದ್ದೆಲಿ ಕಾಫಿಗೆ ನಿಲ್ಸಿದಾಗ ಎಂಜಿನ್ ಆಫ್ ಮಾಡ್ಲಿಲ್ಲ. ಗೃಹಪ್ರವೇಶದ ಮನೆ ಮುಂದೆ ಅಷ್ಟಗಲ ಅಂಗಳ ಖಾಲಿ ಇದ್ರೂ ಬೇಡ ಅಂದು, ಕೆಟ್ರೆ ತಳ್ಳದೇನೇ ಉರುಳಲಿ ಅಂತ ಅಡಿಕೆ ತೋಟದ ಪಕ್ಕ ಒಂದು ಇಳಿಜಾರು ಹುಡುಕ್ಕೊಂಡು ಹೋದ್ರು. ಅಲ್ಲಿ ಹೋದ್ರೆ ಆಗ್ಲೇ ಎರಡು ಕಾರು ಕೆಳಮುಖ ಮಾಡ್ಕೊಂಡು ನಿಂತಿವೆ.