ಚೆಂಡಿಗೆ ಗೊತ್ತಿರುವುದು ಎತ್ತರ ಮಾತ್ರ

ನಮ್ಮ ಮನೆಯಲ್ಲಿ ಯಾರ ಮಾತನ್ನೂ ಯಾರೂ ಕೇಳುವುದಿಲ್ಲ. ನೀರು ಮಾತ್ರ ಒಂದು ಚೆಂಡು ಹೇಳಿದ ಹಾಗೆ ಕೇಳುತ್ತದೆ. ಟ್ಯಾಂಕಿನೊಳಗೆ ರಾಡಿನ ತುದಿಗೆ ಸಿಕ್ಕಿಸಿರುವ ಪ್ಲಾಸ್ಟಿಕ್ ಚೆಂಡು ಅದು. ನೀರು ಇಳಿದರೆ ಚೆಂಡೂ ಇಳಿದು ವಾಲ್ವ್ ತೆರೆಯುತ್ತದೆ. ನೀರು ಏರಿದರೆ ಚೆಂಡು ಮೇಲೆದ್ದು, ರಾಡು ವಾಷರನ್ನು ಒತ್ತಿ ನೀರಿನ ಬಾಯಿ ಮುಚ್ಚಿಸುತ್ತದೆ. ಕರೆಂಟು ಬೇಡ, ಸೆನ್ಸರ್ ಬೇಡ, ಆ್ಯಪ್ ಅಂತೂ ಬೇಡವೇ ಬೇಡ. ಇಷ್ಟು ಸುಲಭದ ಸಾಮಾನು ಕೆಟ್ಟರೆ ರಿಪೇರಿಗೆ ಎಷ್ಟು ಹೊತ್ತು ಬೇಕು ಎನ್ನುವವರು ನಮ್ಮ ಮನೆಯವರನ್ನು ನೋಡಿಲ್ಲ.

ರಾತ್ರಿ ಹೊತ್ತು ಓವರ್‌ಫ್ಲೋ ಪೈಪಿನಿಂದ ನೀರು ತೊಟ್ಟಿಕ್ಕತೊಡಗಿತು. ಬೆಳಿಗ್ಗೆ ಹತ್ತಿ ನೋಡಿದರೆ ಎಲ್ಲ ಸರಿಯಾಗಿರುತ್ತಿತ್ತು. "ನಾವು ಮಲಗೋದನ್ನೇ ಕಾಯ್ತಿರುತ್ತೆ" ಎಂದರು ಅಮ್ಮ. ಅದು ಸುಳ್ಳೇನಲ್ಲ. ಊರೆಲ್ಲ ನಲ್ಲಿ ಮುಚ್ಚಿ ಮಲಗಿದಾಗ ಪೈಪಿನಲ್ಲಿ ನೀರಿನ ಒತ್ತಡ ಏರುತ್ತದೆ. ಒಳಗಿನಿಂದ ನೂಕುವ ನೀರನ್ನು ತಡೆಯಲು ಚೆಂಡು ಇನ್ನೂ ಜೋರಾಗಿ ಒತ್ತಬೇಕು. ಜೋರಾಗಿ ಒತ್ತಬೇಕಾದರೆ ಅದು ಇನ್ನಷ್ಟು ಮುಳುಗಬೇಕು. ಅಂದರೆ ನೀರು ಇನ್ನಷ್ಟು ಮೇಲೇರಬೇಕು. ಅಷ್ಟರಲ್ಲಿ ಓವರ್‌ಫ್ಲೋ ಬಾಯಿ ಬಂದೇ ಬಿಡುತ್ತದೆ.

ಇದಕ್ಕೆ ಮದ್ದು ಸುಲಭ. ರಾಡನ್ನು ಕೊಂಚ ಕೆಳಕ್ಕೆ ಬಗ್ಗಿಸಿದರೆ ಚೆಂಡು ಬೇಗ ಒತ್ತುತ್ತದೆ, ನೀರು ಕೆಳಗೇ ನಿಲ್ಲುತ್ತದೆ. ಅಪ್ಪ ಮೇಲಕ್ಕೆ ಬಗ್ಗಿಸಿದರು. "ಚೆಂಡು ಮೇಲಿದ್ದರೆ ತಾನೇ ಮುಚ್ಚೋದು? ನಾನೇ ಮೇಲಕ್ಕೆತ್ತಿದ್ದೀನಿ" ಎಂಬುದು ಅವರ ವಾದ. ಕೇಳಲು ಚೆನ್ನಾಗಿಯೇ ಇತ್ತು. ಅಂದು ಮಧ್ಯಾಹ್ನವೇ ಪೈಪು ಸುರಿಯತೊಡಗಿತು.

ಚಿಕ್ಕಪ್ಪ ಏಣಿಯ ಬುಡದಲ್ಲಿ ನಿಂತು ಇತಿಹಾಸ ತೆಗೆದರು. "ಅಣ್ಣಾ, ಇದು ಇವತ್ತಿನದಲ್ಲ. ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ನೀರಿನ ಗಡಿಯಾರಕ್ಕೆ ಇಂಥದ್ದೇ ತೇಲುವ ಬಿರಡೆ ಇಟ್ಟಿದ್ದ ಅಂತಾರೆ. ರಷ್ಯಾದ ಪೊಲ್ಜುನೋವ್ 1765ರ ಹೊತ್ತಿಗೆ ಸ್ಟೀಮ್ ಎಂಜಿನ್ ಬಾಯ್ಲರಿಗೇ ಹಾಕಿದ."

"ಅವರ್ಯಾರೂ ಈಗ ಬರಲ್ಲ. ನೀನು ಏಣಿ ಹಿಡ್ಕೋ" ಎಂದರು ಅಮ್ಮ.

ಪ್ಲಂಬರ್ ಬಂದ. ಚೆಂಡನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಗುಳುಗುಳು. ಕೂದಲೆಳೆಯಂಥ ಸೀಳು ಬಿಟ್ಟು ನೀರು ತುಂಬಿಕೊಂಡಿತ್ತು. ತೇಲಬೇಕಾದ್ದು ಹೊಟ್ಟೆ ತುಂಬಾ ಕುಡಿದು ಮುಳುಗಿದರೆ ವಾಲ್ವಿಗೆ ಟ್ಯಾಂಕು ಖಾಲಿ ಎಂದೇ ಸುದ್ದಿ ಮುಟ್ಟುತ್ತದೆ. ಟ್ಯಾಂಕು ತುಂಬಿ ಹರಿಯುತ್ತಿದ್ದರೂ ಅದು ನಂಬುವುದು ಚೆಂಡನ್ನೇ. "ಹೊಸದು ತರ್ತೀನಿ" ಎಂದು ಹೋದವನು ಎಲ್ಲಿ ಹೋದನೋ ಗೊತ್ತಿಲ್ಲ. ಬಹುಶಃ ಅಲೆಕ್ಸಾಂಡ್ರಿಯಾಕ್ಕೆ.

ಅಮ್ಮ ಕಾಯಲಿಲ್ಲ. ಚೆಂಡಿನ ನೀರು ಬಸಿದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ದಾರ ಬಿಗಿದು ಮತ್ತೆ ಸಿಕ್ಕಿಸಿದರು. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಉಪಾಯ. ಒಂದೇ ಎಡವಟ್ಟು, ಕವರಿನ ಕಿವಿ ಟ್ಯಾಂಕಿನ ಗೋಡೆಗೆ ಅಂಟಿಕೊಂಡು ಚೆಂಡು ಮೇಲೇ ನಿಂತುಬಿಟ್ಟಿತು. ಈಗ ನೀರು ಉಕ್ಕುವ ಪ್ರಶ್ನೆಯೇ ಇಲ್ಲ. ನೀರೇ ಇಲ್ಲ. ಇದು ತಿಳಿದದ್ದು ಅಪ್ಪನಿಗೆ, ಮೈಗೆಲ್ಲ ಸೋಪು ಹಚ್ಚಿಕೊಂಡ ಮೇಲೆ. ಬಚ್ಚಲಿನೊಳಗಿಂದ ಅವರು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕೊನೆಗೆ ಹೊಸ ಚೆಂಡು ಬಂತು, ಜೊತೆಗೆ ಹೊಸ ವಾಷರೂ. ಅಪ್ಪ ಕೆಳಕ್ಕೇ ಬಗ್ಗಿಸಿದರು. "ನಾನು ಮೊದಲೇ ಹೇಳಿದ್ದೆ" ಎಂದೂ ಸೇರಿಸಿದರು.

ಮಾರನೇ ವಾರ ಚಿಕ್ಕಪ್ಪನ ಹಳೇ ಸ್ಕೂಟರಿನಿಂದ ಪೆಟ್ರೋಲ್ ಸೋರತೊಡಗಿತು. ಕಾರ್ಬುರೇಟರಿನಲ್ಲೂ ಒಂದು ಪುಟ್ಟ ಫ್ಲೋಟ್ ಇರುತ್ತದೆ. ಅದು ಮೇಲೇರಿ ಸೂಜಿಯೊಂದನ್ನು ಒತ್ತಿ ಪೆಟ್ರೋಲ್ ನಿಲ್ಲಿಸಬೇಕು. ಸೂಜಿಯ ಬಾಯಿಗೆ ಕಸ ಸಿಕ್ಕರೆ ಮುಚ್ಚುವುದಿಲ್ಲ. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿಯಿಂದ ಕಾರ್ಬುರೇಟರಿಗೆ ಟಕಟಕ ಎಂದು ಮೆಲ್ಲಗೆ ತಟ್ಟಿದ. ಕಸ ಕದಲಿತು, ಸೋರುವುದು ನಿಂತಿತು. "ಇಷ್ಟೇನಾ?" ಎಂದು ಅಪ್ಪ ಅದೇ ಸ್ಕ್ರೂಡ್ರೈವರ್ ಕೇಳಿ ಪಡೆದು, ಅಟ್ಟದ ಮೆಟ್ಟಿಲ ಕಡೆ ಹೊರಟರು.

"ಎಲ್ಲಿಗೆ?" ಎಂದರು ಅಮ್ಮ.

"ಸುಮ್ನೆ, ಟ್ಯಾಂಕಿಗೂ ಒಂದೆರಡು ತಟ್ಟಿ ಬರ್ತೀನಿ."