ಸರ್, ಮತ್ತೇನಾದ್ರೂ?

ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಜುಲೈ ತಿಂಗಳ ಒಂದು ಶುಕ್ರವಾರ ನಾನೂ ನನ್ನ ಭಾವನೂ ಭಾಗಮಂಡಲದ ಕಡೆಯಿಂದ ಬಸ್ಸು ಹತ್ತಿ ಬಂದೆವು. ಬಂದದ್ದು ಸಂತೆಗೆ ಅಂತ ಮನೆಯಲ್ಲಿ ಹೇಳಿದ್ದೆವು. ನಿಜವಾದ ಕಾರಣ ಬೇರೆ. ನಮ್ಮಲ್ಲಿ ಕರೆಂಟು ಹೋಗಿ ನಾಲ್ಕು ದಿನವಾಗಿತ್ತು. ಲೈನಿನ ಮೇಲೆ ಮರ ಬಿದ್ದಿತ್ತು. ಲೈನ್‌ಮ್ಯಾನ್ ಬರಬೇಕಾದ ದಾರಿಗೆ ಇನ್ನೊಂದು ಮರ ಬಿದ್ದಿತ್ತು. ಹಾಗಾಗಿ ಭಾವನ ಚೀಲದಲ್ಲಿ ಮನೆಮಂದಿಯ ಮೂರು ಸತ್ತ ಫೋನು, ಒಂದು ಪವರ್ ಬ್ಯಾಂಕು, ಜೊತೆಗೆ ಒಂದು ಎಕ್ಸ್‌ಟೆನ್ಷನ್ ಬೋರ್ಡು. ಬೋರ್ಡಿನ ಕೆಂಪು ದೀಪ ಹೋಗಿ ವರ್ಷವಾಗಿತ್ತು, ಉಳಿದಂತೆ ಗಟ್ಟಿ.

ಹೋಟೆಲಿಗೆ ಹೋದವರು ಸಾಮಾನ್ಯವಾಗಿ ಕಿಟಕಿ ಪಕ್ಕದ ಟೇಬಲ್ ಹುಡುಕುತ್ತಾರೆ. ನಾವು ಗೋಡೆಗಳನ್ನು ನೋಡುತ್ತಾ ಒಳಗೆ ಹೋದೆವು. ಮೂಲೆಯಲ್ಲಿ, ಕೈ ತೊಳೆಯುವ ಜಾಗದ ಪಕ್ಕ, ಒಂದು ಪ್ಲಗ್ ಪಾಯಿಂಟ್ ಕಂಡಿತು. ಅಲ್ಲೇ ಕೂತೆವು. ಭಾವ ಬಗ್ಗಿ ಬೋರ್ಡು ಸಿಕ್ಕಿಸಿದ. ಫೋನು ಚೀಲದೊಳಗೇ ಇರಲಿ, ಸಂತೆ ದಿನ ಯಾರನ್ನೂ ನಂಬೋಕಾಗಲ್ಲ ಅಂದ. ಚೀಲದ ಬಾಯಿಂದ ನಾಲ್ಕು ವಯರು ಹೊರಗೆ ಬಂದು, ಅದು ಡ್ರಿಪ್ ಹಾಕಿಸಿಕೊಂಡ ರೋಗಿಯ ಹಾಗೆ ಕುರ್ಚಿ ಮೇಲೆ ಕೂತಿತು.

ಎರಡು ಊಟ ಹೇಳಿದೆವು. ಇಲ್ಲೇ ಮೊದಲ ತಪ್ಪಾಗಿದ್ದು. ಹೊರಗೆ ಮಳೆ, ಒಳಗೆ ಬಿಸಿ ಅನ್ನ, ಬಿಸಿ ಸಾರು. ನಿಧಾನವಾಗಿ ತಿನ್ನಬೇಕು ಅಂತ ಬಸ್ಸಿನಲ್ಲೇ ಮಾತಾಡಿಕೊಂಡಿದ್ದೆವು. ಹನ್ನೆರಡು ನಿಮಿಷಕ್ಕೆ ಮಜ್ಜಿಗೆಗೆ ಬಂದುಬಿಟ್ಟಿದ್ದೆವು.

ಊಟ ಮುಗಿದ ಮೇಲೆ ಟೇಬಲ್ ಯಾರದ್ದು? ನನಗೆ ಇವತ್ತಿಗೂ ಸರಿಯಾಗಿ ಗೊತ್ತಾಗಿಲ್ಲ. ಪಂಕ್ತಿಯಲ್ಲಿ ಈ ತಲೆನೋವಿಲ್ಲ. ಎಲ್ಲರ ಊಟ ಮುಗಿಯುವ ತನಕ ಯಾರೂ ಏಳಬಾರದು, ಅಷ್ಟೇ. ಮೂರನೇ ಸಲ ಪಾಯಸ ಹಾಕಿಸಿಕೊಂಡ ಅಜ್ಜ ಬೆರಳು ನೆಕ್ಕಿ ಮುಗಿಸುವವರೆಗೆ ಉಳಿದವರೆಲ್ಲ ಕೈ ಒಣಗಿಸಿಕೊಂಡು ಕೂತಿರಬೇಕು. ಅದೇ ಊರಿನ ಕಲ್ಯಾಣ ಮಂಟಪಕ್ಕೆ ಹೋಗಿ ನೋಡಿ. ನಿಮ್ಮ ಎಲೆಗೆ ಅನ್ನ ಬೀಳುವ ಮೊದಲೇ ನಿಮ್ಮ ಕುರ್ಚಿಯ ಹಿಂದೆ ಒಬ್ಬರು ನಿಂತಿರ್ತಾರೆ. ಅವರ ಉಸಿರು ನಿಮ್ಮ ಕತ್ತಿಗೆ ತಾಗ್ತಾ ಇರ್ತದೆ. ಬೆಂಗಳೂರಿನ ದರ್ಶಿನಿಯವರು ಜಾಣರು, ಕುರ್ಚಿಯನ್ನೇ ತೆಗೆದು ವ್ಯಾಜ್ಯ ಮುಗಿಸಿದರು.

ನಮ್ಮ ಕಡೆ ಇನ್ನೂ ಒಂದು ತೊಡಕು ಉಂಟು. ಇಲ್ಲಿ ಹೊರಡುವುದು ಅಂದರೇ ಒಂದು ದೊಡ್ಡ ಕೆಲಸ. ನೆಂಟರ ಮನೆಯಲ್ಲಿ 'ಬರ್ತೇವೆ' ಅಂತ ಎದ್ದ ಮೇಲೆ ಜಗಲಿಯಲ್ಲಿ ಕಾಲು ಗಂಟೆ, ಅಂಗಳದಲ್ಲಿ ಕಾಲು ಗಂಟೆ, ಗೇಟಿನ ಹತ್ತಿರ ಅರ್ಧ ಗಂಟೆ. ಗೇಟಿನ ಹತ್ತಿರವೇ ನಿಜವಾದ ಸುದ್ದಿ ಹೊರಬರುವುದು. ಈ ಅಭ್ಯಾಸ ಇಟ್ಟುಕೊಂಡು ಹೋಟೆಲಿಗೆ ಹೋದರೆ ಟೇಬಲ್ ಬಿಟ್ಟು ಏಳುವುದು ಸುಲಭವಾ?

ಕೈ ತೊಳೆದು ಬಂದು ಮತ್ತೆ ಕೂತೆವು. ಸಪ್ಲೈಯರ್ ಹುಡುಗ ಬಂದ. "ಸರ್, ಮತ್ತೇನಾದ್ರೂ?"

ಒಂದು ಕಾಫಿ, ಬೈಟು. ಕುಡಿದದ್ದು ಗುಟುಕು ಗುಟುಕಾಗಿ, ತಣ್ಣಗಾಗುವ ತನಕ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕಾಫಿ ಮುಂದಿಟ್ಟುಕೊಂಡು ಮಾತಿಗೆ ಬರವೇ? ಭಾವ ತನ್ನ ಮಾಮೂಲಿ ದುಃಖ ತೆಗೆದ. 2024ರಲ್ಲಿ ರೊಬಸ್ಟಾ ಚೆರಿ 50 ಕೆಜಿ ಚೀಲಕ್ಕೆ 10,000 ರೂಪಾಯಿ ದಾಟಿತಲ್ಲ, ಅದಕ್ಕೂ ಸ್ವಲ್ಪ ಮೊದಲು ಇವನು ಚೀಲವೆಲ್ಲ ಮಾರಿ ಮುಗಿಸಿದ್ದ. ಈ ಕಥೆಗೆ ಇಪ್ಪತ್ತು ನಿಮಿಷ ಬೇಕು. ಬೇರೆ ದಿನ ನಾನು ನಡುವೆ ಬಾಯಿ ಹಾಕಿ ನಿಲ್ಲಿಸಲು ನೋಡ್ತೇನೆ. ಆ ದಿನ ಮಾತ್ರ "ಆಮೇಲೆ?" ಅಂತ ಕೇಳಿದೆ. ಭಾವನಿಗೆ ಕಣ್ಣು ತುಂಬಿತು.

ಹುಡುಗ ಬಿಲ್ ತಂದಿಟ್ಟ. ಸೋಂಪಿನ ಬಟ್ಟಲನ್ನು ಅದರ ಮೇಲೆ ಇಟ್ಟ. ಇದು ಏಳಿ ಅನ್ನುವ ಎರಡನೇ ಎಚ್ಚರಿಕೆ ಅಂತ ಲೆಕ್ಕ. ಭಾವ ಸೋಂಪು ಬಾಯಿಗೆ ಹಾಕಿಕೊಂಡು ಕಕ್ಕಡದ ವಿಷಯಕ್ಕೆ ಬಂದ. ಕಕ್ಕಡ ಅಂದರೆ ನಮ್ಮ ಆಟಿ ತಿಂಗಳು. ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪು ಬೇಯಿಸಿ, ಆ ನೇರಳೆ ನೀರಿನಲ್ಲಿ ಪಾಯಸವೋ ಹಿಟ್ಟೋ ಮಾಡಿ ತಿನ್ನುತ್ತೇವೆ. ಪಾಯಸ ಒಳ್ಳೇದೋ ಹಿಟ್ಟು ಒಳ್ಳೇದೋ ಅಂತ ಶುರುವಾದ ಮಾತು, ಸೊಪ್ಪು ಮೈಗೆ ಹಿಡಿದಿದೆ ಅಂತ ಗೊತ್ತಾಗೋದು ಹೇಗೆ ಅನ್ನುವಲ್ಲಿಗೆ ಬಂತು. ತೋಟದಲ್ಲಿ ಕೂಗಿ ಕೂಗಿ ಭಾವನ ಗಂಟಲು ದೊಡ್ಡದು.

"ಮರುದಿನ ಬೆಳಿಗ್ಗೆ ಒಂದಕ್ಕೆ ಹೋಗುವಾಗ ಕೆಂಪಗೆ ಬರಬೇಕು ಭಾವ! ಕೆಂಪು ಬರದಿದ್ರೆ ಅದು ಸೊಪ್ಪೇ ಅಲ್ಲ!"

ಪಕ್ಕದ ಟೇಬಲಿನಲ್ಲಿ ಹೊರಗಿನಿಂದ ಬಂದ ಒಂದು ಸಂಸಾರ ಊಟ ಮಾಡುತ್ತಿತ್ತು. ಆ ದಿನದ ಪಲ್ಯ ಬೀಟ್‌ರೂಟ್. ಆ ಹೆಂಗಸಿನ ಕೈ ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. ಗಂಡ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳಿದ. ನಾನು ಮೇಜಿನ ಕೆಳಗೆ ಭಾವನ ಕಾಲು ತುಳಿದೆ. "ಯಾಕೆ ತುಳೀತೀರಿ?" ಅಂತ ಅದನ್ನೂ ಅದೇ ಗಂಟಲಲ್ಲಿ ಕೇಳಿದ.

ಅಷ್ಟರಲ್ಲಿ ಬಾಗಿಲ ಹತ್ತಿರ ಜನ ಸೇರಿದ್ದರು. ಕೊಡೆಗಳಿಂದ ನೀರು ಸುರಿಯುತ್ತಿತ್ತು. ನಾಲ್ಕು ಹುಡುಗರು ನಮ್ಮನ್ನೇ ನೋಡುತ್ತಾ ನಿಂತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ದಸರಾ ರಜೆಯಲ್ಲಿ ನಾನೂ ಹೀಗೆ ನಿಂತಿದ್ದೇನೆ, ಊರು ತುಂಬಾ ಪ್ರವಾಸಿಗರಿದ್ದಾಗ. ಆಗ ನಮ್ಮ ಮುಂದಿದ್ದವರು ಅಬ್ಬಿ ಫಾಲ್ಸಿನ ಫೋಟೋಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಒಂದೇ ನೀರು, ಒಂದೇ ಬಂಡೆ, ಮುಂದೆ ನಿಂತವರು ಮಾತ್ರ ಬೇರೆ. ನಲವತ್ತು ಫೋಟೋ ನಾನೂ ಅವರ ಹೆಗಲ ಮೇಲಿಂದ ನೋಡಿ ಮುಗಿಸಿದ್ದೆ. ಆ ಮೂವತ್ತನಾಲ್ಕನೆಯದು ಅಳಿಸಿ, ಮಾವನವರ ಕಣ್ಣು ಮುಚ್ಚಿದೆ ಅಂತ ಹೇಳಬೇಕು ಅನ್ನಿಸಿತ್ತು. ಅವತ್ತು ಅವರಿಗೆ ಹಾಕಿದ ಶಾಪವೆಲ್ಲ ಈಗ ನೆನಪಿಗೆ ಬಂತು. ತಲೆ ತಗ್ಗಿಸಿ ಸೋಂಪು ಎಣಿಸಿದೆ.

"ಭಾವ, ಏಳುವ," ಅಂದೆ.

"ಅರ್ಧ ಚಾರ್ಜ್ ಕೂಡ ಆಗಿರಲ್ಲ. ಮಳೆ ಬಿಡಲಿ ಅಂತ ಹೇಳಿ."

ಹುಡುಗ ಬಂದ. ಮಳೆ ಬಿಟ್ಟ ತಕ್ಷಣ ಹೊರಡ್ತೇವೆ ಅಂದೆ. ಅವನು ಹೊರಗೆ ನೋಡಿದ. ಎದುರಿನ ಅಂಗಡಿಯೂ ಕಾಣದಷ್ಟು ಮಂಜು, ಮಳೆ.

"ಹಾಗಾದ್ರೆ ಬಿಲ್ ಸೆಪ್ಟೆಂಬರಿಗೆ ತರ್ಲಾ ಸರ್?"

ಇನ್ನೂ ಒಂದು ಬೈಟು ಹೇಳದೆ ದಾರಿ ಇರಲಿಲ್ಲ.

ಅದು ಮುಗಿಯುವಾಗ ಹುಡುಗ ಕೊನೆಯ ಅಸ್ತ್ರ ತೆಗೆದ. ಬೇರೆ ಊರಿನಲ್ಲಾದರೆ ಗಿರಾಕಿ ಏಳಲಿ ಅಂತ ಫ್ಯಾನ್ ಆಫ್ ಮಾಡ್ತಾರೆ. ಮಡಿಕೇರಿಯ ಜುಲೈಯಲ್ಲಿ ಆನ್ ಮಾಡ್ತಾರೆ. ನಮ್ಮ ತಲೆಯ ಮೇಲಿನ ಫ್ಯಾನು ಒಂದು ಸಲ ಕಿರ್ರೆಂದು, ಮೇ ತಿಂಗಳ ಧೂಳು ಉದುರಿಸಿ, ಪೂರ್ತಿ ಸ್ಪೀಡಿನಲ್ಲಿ ತಿರುಗತೊಡಗಿತು. ಒದ್ದೆ ಪ್ಯಾಂಟು, ಒದ್ದೆ ಸಾಕ್ಸು, ಮೇಲಿಂದ ಗಾಳಿ. ಬಿಲ್ಲು ಹಾರಿ ಪಕ್ಕದವರ ಸಾರಿಗೆ ಬಿತ್ತು. ಭಾವನ ಹಲ್ಲು ಕಟಕಟ ಅನ್ನತೊಡಗಿತು. ಮತ್ತೆ ಶುರುವಾಗಿದ್ದ ಕಾಫಿ ರೇಟಿನ ಮಾತು ಅರ್ಧಕ್ಕೆ ನಿಂತಿತು. ಇಷ್ಟು ವರ್ಷ ನಾನು ಮಾಡಲಾಗದ್ದನ್ನು ಒಂದು ಫ್ಯಾನು ಮಾಡಿತು.

ಎದ್ದೆವು. ಭಾವ ಬಗ್ಗಿ ಬೋರ್ಡಿನ ಪಿನ್ ಎಳೆಯುವಾಗ ಹುಡುಗ ಬಟ್ಟೆ ಹಿಡಿದುಕೊಂಡು ಬಂದ. ವಯರುಗಳನ್ನು ನೋಡಿದ.

"ಇದಕ್ಕಾ ಸರ್ ಕೂತಿದ್ದದ್ದು?"

"ಹೂಂ ಮಾರಾಯ."

"ಆ ಪಾಯಿಂಟಿಗೆ ಕರೆಂಟಿಲ್ಲ. ಹೋದ ಮಳೆಗಾಲದಲ್ಲಿ ಗೋಡೆಗೆ ನೀರು ಇಳಿದು ಶಾಕ್ ಹೊಡೀತಿತ್ತು. ಲೈನ್ ಕಟ್ ಮಾಡಿದ್ದಾರೆ."

ಎರಡು ಗಂಟೆ ಹತ್ತು ನಿಮಿಷ. ಎರಡು ಊಟ, ಎರಡು ಬೈಟು, ಒಂದು ಬಟ್ಟಲು ಸೋಂಪು. ಚೀಲ ಬಿಚ್ಚಿ ನೋಡಿದೆವು. ಮೂರು ಫೋನೂ ಬೆಳಿಗ್ಗೆ ಹೇಗಿದ್ದವೋ ಹಾಗೇ ಮಲಗಿದ್ದವು.

ಹುಡುಗನಿಗೆ ಪಾಪ ಅನ್ನಿಸಿರಬೇಕು. "ಮೊದಲೇ ಕೇಳಬಾರದಿತ್ತಾ? ಗಲ್ಲಾದ ಹತ್ತಿರ ಒಂದು ಪಾಯಿಂಟ್ ಉಂಟು. ಅಲ್ಲಿ ಹಾಕಿ ಕೊಡ್ತಿದ್ದೆ, ನೀವು ಆರಾಮಾಗಿ ಸಂತೆ ಮುಗಿಸಬಹುದಿತ್ತು." ಚೀಲ ತೆಗೆದುಕೊಂಡು ಹೋಗಿ ಅವನೇ ಸಿಕ್ಕಿಸಿದ. ಈ ಸಲ ಭಾವ ಮೂರೂ ಫೋನಿನ ಮುಖ ನೋಡಿ, ಬ್ಯಾಟರಿಯ ಚಿತ್ರ ಮಿಣುಕುವುದನ್ನು ಖಾತ್ರಿ ಮಾಡಿಕೊಂಡ. "ಒಂದು ಗಂಟೆ ಬೇಕು. ಹೊರಗೆ ಯಾಕೆ ನೆನೀತೀರಿ, ಕೂತ್ಕೊಳ್ಳಿ ಸರ್," ಅಂದ ಹುಡುಗ.

ಕೂರೋಣ ಅಂತ ತಿರುಗಿದರೆ ನಮ್ಮ ಟೇಬಲಿನಲ್ಲಿ ಆ ನಾಲ್ಕು ಹುಡುಗರು. ಬೇರೆಲ್ಲೂ ಜಾಗವಿಲ್ಲ. ಅವರ ಕುರ್ಚಿಯ ಹಿಂದೆ ಹೋಗಿ ನಿಂತೆವು. ಅವರು ಆಗಲೇ ಊಟ ಹೇಳಿ, ಬ್ಯಾಗಿನಿಂದ ಚಾರ್ಜರ್ ತೆಗೆದಿದ್ದರು. ಒಬ್ಬ ಬಗ್ಗಿ ಅದೇ ಮೂಲೆಯ ಪಾಯಿಂಟಿಗೆ ಸಿಕ್ಕಿಸಿ, ಫೋನನ್ನು ಮೇಜಿನ ಮೇಲೆ ಬೋರಲು ಮಲಗಿಸಿದ. "ನಿಧಾನಕ್ಕೆ ತಿನ್ನಿ," ಅಂತ ಉಳಿದವರಿಗೆ ಹೇಳಿದ.

ಭಾವ ನನ್ನ ಕಿವಿಯ ಹತ್ತಿರ ಬಂದ. "ಹೇಳುವನಾ? ಗೊತ್ತಾದ್ರೆ ಬೇಗ ಏಳ್ತಾರೆ."

ನಾನು ಗಲ್ಲಾದ ಕಡೆ ನೋಡಿದೆ. ಅಲ್ಲಿ ಇದ್ದದ್ದು ಒಂದೇ ಪಾಯಿಂಟು.

"ಸುಮ್ನಿರಿ ಭಾವ," ಅಂದೆ. "ಪಾಪ, ಮಕ್ಕಳು ಊಟ ಮಾಡಲಿ."